ತಲೆಯ ಮೇಲಿನ ಆಸ್ತಿ

ಏಪ್ರಿಲ್ ಕೊನೆಯ ಒಂದು ಸಂಜೆ, ಬೆಂಗಳೂರಿನ ಯಾವುದಾದರೂ ಬಡಾವಣೆಯ ಅಡ್ಡರಸ್ತೆ. ಮಧ್ಯಾಹ್ನವೆಲ್ಲ ಧಗೆ ಕಾರಿದ ಆಕಾಶ ನಾಲ್ಕೂವರೆಗೆ ಕಪ್ಪಿಟ್ಟು, ಐದಕ್ಕೆ ಆಲಿಕಲ್ಲಿನ ಸಮೇತ ಸುರಿಯತೊಡಗುತ್ತದೆ. ಎರಡೂ ಬದಿಯ ಮನೆಗಳ ತಾರಸಿಯಿಂದ ಇಳಿದ ಪೈಪುಗಳು ರಸ್ತೆಗೆ ನೀರು ಕಕ್ಕುತ್ತವೆ. ಚರಂಡಿ ತುಂಬುತ್ತದೆ, ಸ್ಕೂಟರಿನ ಚಕ್ರ ಅರ್ಧ ಮುಳುಗುತ್ತದೆ. ಅದೇ ರಸ್ತೆಯ ನಡುವೆ ಒಂದು ಟ್ಯಾಂಕರ್ ನಿಂತಿದೆ. ಬೆಳಿಗ್ಗೆಯೇ ಬುಕ್ ಮಾಡಿದ್ದು, ಸಂಜೆಗೆ ಬಂದಿದೆ. ಅದರ ದಪ್ಪ ಪೈಪು ಒಂದು ಮನೆಯ ಸಂಪಿನೊಳಕ್ಕೆ ಇಳಿದಿದೆ. ಅದೇ ಮನೆಯ ತಾರಸಿಯ ನೀರು ಗೋಡೆಯ ಇನ್ನೊಂದು ಬದಿಯಲ್ಲಿ ಚರಂಡಿಗೆ ಬೀಳುತ್ತಿದೆ.

ಪರಿಸರಸ್ನೇಹಿ ಮನೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಅಂಗಡಿ. ಬಿದಿರಿನ ಹಲ್ಲುಜ್ಜುವ ಬ್ರಷ್ಷು, ಬಟ್ಟೆ ಚೀಲ, ಸ್ಟೀಲ್ ಸ್ಟ್ರಾ, ಹಸಿರು ಎಲೆಯ ಗುರುತಿರುವ ಸೋಪಿನ ಪುಡಿ. ಯಾವುದೂ ಕೆಟ್ಟದ್ದಲ್ಲ, ಕೊಳ್ಳುವವರು ಕೊಳ್ಳಲಿ. ಆದರೆ ಅದಕ್ಕೂ ಮೊದಲು ಒಮ್ಮೆ ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ ನೋಡಬೇಕು. ಮನೆಯೊಂದು ಪ್ರಕೃತಿಯ ಜೊತೆ ನಡೆಸುವ ದೊಡ್ಡ ವ್ಯವಹಾರಗಳೆಲ್ಲ ನಡೆಯುವುದು ಅಲ್ಲಿ. ಮಳೆ ಬೀಳುವುದು ಅಲ್ಲಿ, ಬಿಸಿಲು ಬೀಳುವುದು ಅಲ್ಲಿ, ಮನೆಯೊಳಗಿನ ಸೆಕೆ ಹುಟ್ಟುವುದೂ ಅಲ್ಲಿಯೇ. ಸೈಟಿನ ಒಂದೊಂದು ಚದರಡಿಗೂ ಜಗಳ ಕಾಯುವ ನಾವು, ಅಷ್ಟೇ ಅಗಲದ ತಾರಸಿಯನ್ನು ಹಳೆಯ ಕುರ್ಚಿಗೂ ಒಡೆದ ಬಕೆಟ್ಟಿಗೂ ಬಿಟ್ಟುಕೊಟ್ಟಿದ್ದೇವೆ.

ನಲ್ಲಿ ನೀರು ಏರಿ ಬಂದ ದಾರಿ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕೂತ ಊರು ಬೆಂಗಳೂರು. ದೊಡ್ಡ ನದಿ ಇಲ್ಲ. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು, ತೆರೆದ ಬಾವಿ ತೋಡಿದರು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಬಂತು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ. ಅದೂ ಸಾಲದಾದಾಗ, 1974ರಲ್ಲಿ ಕಾವೇರಿ. ಪ್ರತಿ ಸಲವೂ ಊರು ನೀರಿಗಾಗಿ ಇನ್ನಷ್ಟು ದೂರ ಕೈಚಾಚಿತು.

ಇವತ್ತು ಕಾವೇರಿ ನೀರು ಮಳವಳ್ಳಿ ಬಳಿಯ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು 100 ಕಿಲೋಮೀಟರ್ ದೂರವನ್ನು ಏರುದಾರಿಯಲ್ಲಿ ಕ್ರಮಿಸುತ್ತದೆ. ತಾನಾಗಿ ಹರಿದು ಬರುವ ಮಾತೇ ಇಲ್ಲ, ಹಂತ ಹಂತವಾಗಿ ಪಂಪು ಎತ್ತಿಕೊಡಬೇಕು. ಜಲಮಂಡಳಿಯ ಖರ್ಚಿನಲ್ಲಿ ವಿದ್ಯುತ್ ಬಿಲ್ಲಿನದು ದೊಡ್ಡ ಪಾಲು. ಹಾಗಾಗಿ ನಲ್ಲಿ ತಿರುಗಿಸಿ ಒಂದು ಬಕೆಟ್ ನೀರು ಹಿಡಿದರೆ ನೀರಿನ ಜೊತೆಗೆ ಕರೆಂಟನ್ನೂ ಖರ್ಚು ಮಾಡಿದಂತೆ. ನಮ್ಮ ಮೀಟರಿನಲ್ಲಿ ಅದು ಕಾಣುವುದಿಲ್ಲ, ಅಷ್ಟೇ.

ಈ ಏರ್ಪಾಡು ಎಷ್ಟು ನಾಜೂಕಿನದು ಎಂಬುದನ್ನು ಇತ್ತೀಚಿನ ಎರಡು ವರ್ಷಗಳು ತೋರಿಸಿಕೊಟ್ಟವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗ ಮಳೆಯಲ್ಲಿ ಮುಳುಗಿತ್ತು, ಐಟಿ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಅದೇ ವಾರ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೂ ನೆರೆ ನುಗ್ಗಿ ಯಂತ್ರಗಳು ನಿಂತವು. ರಸ್ತೆಯಲ್ಲಿ ಎದೆಮಟ್ಟ ನೀರು, ನಲ್ಲಿಯಲ್ಲಿ ಹನಿಯಿಲ್ಲ. ಒಂದೂವರೆ ವರ್ಷ ಕಳೆದು, 2024ರ ಮಾರ್ಚ್ ಹೊತ್ತಿಗೆ ಅದೇ ಊರಿನಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು. ದಿನಕ್ಕೆ 2,600 ದಶಲಕ್ಷ ಲೀಟರ್ ಬೇಕಿರುವಲ್ಲಿ ಸುಮಾರು 500 ದಶಲಕ್ಷ ಲೀಟರ್ ಕೊರತೆಯಿದೆ ಎಂದು ಸರ್ಕಾರವೇ ಹೇಳಿತು. ಟ್ಯಾಂಕರಿನ ದರ ಕೈಮೀರಿದಾಗ ಜಿಲ್ಲಾಡಳಿತ ದರ ಗೊತ್ತುಮಾಡಬೇಕಾಯಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ನಗರದ ಅಂಚಿನ 110 ಹಳ್ಳಿಗಳಿಗೆ ಉಸಿರು ಬಂತು, ನಿಜ. ಆದರೆ ಆ ನೀರೂ ಅದೇ ಏರು ಹತ್ತಿಯೇ ಬರಬೇಕು.

ಒಂದು ತಾರಸಿಯ ಲೆಕ್ಕ

ಮಳೆಯ ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸಿನ ಮಳೆಯಾಗುತ್ತದೆ. 30–40 ಸೈಟಿನ ಒಂದು ಮನೆಗೆ 1,000 ಚದರಡಿ ತಾರಸಿಯಿದೆ ಎಂದುಕೊಳ್ಳಿ. ಅಂದರೆ 93 ಚದರ ಮೀಟರ್. ವರ್ಷವಿಡೀ ಅದರ ಮೇಲೆ ಬೀಳುವುದು ಸುಮಾರು 90,000 ಲೀಟರ್. ಆವಿಯಾಗಿದ್ದು, ಚೆಲ್ಲಿದ್ದು, ಮೊದಲ ಮಳೆಯಲ್ಲಿ ಕೊಳೆಯ ಜೊತೆ ಹೋಗಗೊಟ್ಟಿದ್ದು ಎಲ್ಲ ಕಳೆದು ನೂರಕ್ಕೆ ಎಂಬತ್ತು ಪಾಲು ಸಿಕ್ಕರೂ 72,000 ಲೀಟರ್. ಹನ್ನೆರಡು ಸಣ್ಣ ಟ್ಯಾಂಕರಿನಷ್ಟು.

ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ನಾಲ್ಕು ಜನರಿಗೆ 540 ಲೀಟರ್. ಆ ಲೆಕ್ಕಕ್ಕೆ ತಾರಸಿಯ ನೀರು 133 ದಿನಕ್ಕೆ ಬರುತ್ತದೆ. ಬಳಕೆಯನ್ನು ತಲೆಗೆ 100 ಲೀಟರಿಗೆ ಇಳಿಸಿದರೆ 180 ದಿನ, ಅಂದರೆ ಅರ್ಧ ವರ್ಷ! ಹಿಡಿಯುವುದು, ಕಡಿಮೆ ಬಳಸುವುದು ಎರಡೂ ಒಟ್ಟಿಗೇ ನಡೆಯಬೇಕು ಎನ್ನುವುದು ಇದಕ್ಕೇ.

ಇಲ್ಲಿ ಒಂದು ತೊಡಕಿದೆ. ಮಳೆ ನಮ್ಮ ಅನುಕೂಲ ನೋಡಿಕೊಂಡು ದಿನಕ್ಕಿಷ್ಟು ಎಂದು ಬೀಳುವುದಿಲ್ಲ. ಮೇ ತಿಂಗಳಲ್ಲಿ ಒಂದಿಷ್ಟು, ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಧಾರಾಳ, ಡಿಸೆಂಬರಿನಿಂದ ಮಾರ್ಚ್‌ವರೆಗೆ ಬಹುತೇಕ ಸೊನ್ನೆ. ಹಾಗಾದರೆ ಎಷ್ಟು ದೊಡ್ಡ ತೊಟ್ಟಿ ಬೇಕು?

ಕಾವೇರಿ ಸಂಪರ್ಕವಿಲ್ಲದ ಮನೆ

ಈ ಪ್ರಶ್ನೆಗೆ ಮನೆ ಕಟ್ಟಿಯೇ ಉತ್ತರ ಹೇಳಿದವರು ಎ.ಆರ್. ಶಿವಕುಮಾರ್. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಅವರು 1990ರ ದಶಕದಲ್ಲಿ ಬೆಂಗಳೂರಿನ ವಿಜಯನಗರದಲ್ಲಿ ‘ಸೌರಭ’ ಎಂಬ ಮನೆ ಕಟ್ಟಿದರು. ಕಾವೇರಿ ಸಂಪರ್ಕ ತೆಗೆದುಕೊಳ್ಳದೆ, ಮಳೆನೀರನ್ನೇ ನೆಚ್ಚಿಕೊಂಡು ದಶಕಗಳ ಕಾಲ ಸಂಸಾರ ನಡೆಸಿದರು. ಅವರು ಮೊದಲು ಮಾಡಿದ ಕೆಲಸ ಊರಿನ ಹಳೆಯ ಮಳೆ ದಾಖಲೆ ನೋಡಿದ್ದು. ಹುಡುಕಿದ್ದು ಒಟ್ಟು ಮಳೆಯ ಅಂಕಿಯನ್ನಲ್ಲ, ಎರಡು ಒಳ್ಳೆಯ ಮಳೆಗಳ ನಡುವಿನ ಅತಿ ದೀರ್ಘ ಅಂತರವನ್ನು. ಅದು ಸುಮಾರು ಮೂರು ತಿಂಗಳು ಎಂದು ಗೊತ್ತಾದ ಮೇಲೆ, ದಿನಕ್ಕೆ 400 ಲೀಟರಿನ ಬಳಕೆಗೆ ಒಟ್ಟು 45,000 ಲೀಟರ್ ಹಿಡಿಯುವಷ್ಟು ತೊಟ್ಟಿಗಳನ್ನು ಮನೆಯ ಬೇರೆ ಬೇರೆ ಮಟ್ಟಗಳಲ್ಲಿ ಹಂಚಿ ಕಟ್ಟಿದರು. ವರ್ಷಕ್ಕೆ ಬೇಕಾದ ನೀರನ್ನೆಲ್ಲ ಕೂಡಿಡುವ ಅಗತ್ಯವಿಲ್ಲ, ಮುಂದಿನ ಮಳೆಯವರೆಗೆ ಸಾಲುವಷ್ಟಿದ್ದರೆ ಸಾಕು ಎಂಬುದು ಇದರ ಹಿಂದಿನ ಸರಳ ತರ್ಕ.

ಎಲ್ಲರೂ ಅಷ್ಟು ದೂರ ಹೋಗಬೇಕಿಲ್ಲ, ಈಗಿರುವ ಸಂಪೇ ಸಾಕು. ತಾರಸಿಯಿಂದ ಇಳಿಯುವ ಪೈಪಿನಲ್ಲಿ ಮೊದಲು ಒಂದು ಗೇಟ್‌ವಾಲ್ವ್. ಬೇಸಿಗೆಯ ದೂಳು, ಪಾರಿವಾಳದ ಹಿಕ್ಕೆ, ಒಣಗಿದ ಎಲೆ ಇವನ್ನೆಲ್ಲ ತೊಳೆದುಕೊಂಡು ಬರುವ ಮೊದಲ ಹತ್ತು ನಿಮಿಷದ ನೀರು ಅಲ್ಲಿಂದ ಹೊರಕ್ಕೆ. ಆಮೇಲಿನದು ಸೋಸುಕಕ್ಕೆ. ಜಲ್ಲಿ, ಇದ್ದಿಲು, ಮರಳನ್ನು ಪದರ ಪದರವಾಗಿ ತುಂಬಿದ ಡ್ರಮ್ಮಿನಿಂದಲೂ ಕೆಲಸವಾಗುತ್ತದೆ. ಶಿವಕುಮಾರ್ ಅವರೇ ರೂಪಿಸಿದ ಪಾಪ್‌ಅಪ್ ಫಿಲ್ಟರ್ ಕೂಡ ಇದೆ: ಕಸ ಕಟ್ಟಿಕೊಂಡರೆ ಅದು ನೀರಿನ ಒತ್ತಡಕ್ಕೆ ತಾನಾಗಿ ಮೇಲೆದ್ದು ನೀರನ್ನು ಹೊರಬಿಡುತ್ತದೆ, ತಾರಸಿಯಲ್ಲಿ ನೀರು ನಿಲ್ಲುವುದಿಲ್ಲ. ಸೋಸಿದ ನೀರು ಸಂಪಿಗೆ, ಸಂಪು ತುಂಬಿದ ಮೇಲೆ ಉಳಿದದ್ದು ಇಂಗುಬಾವಿಗೆ. ಸಂಪಿನ ಮುಚ್ಚಳ ಬೆಳಕು ಬೀಳದಂತೆ ಭದ್ರವಾಗಿರಬೇಕು, ಗಾಳಿ ಆಡುವ ಕಿಂಡಿಗೆ ಜಾಲರಿ ಇರಬೇಕು. ಮೊದಲನೆಯದು ಪಾಚಿಗೆ ತಡೆ, ಎರಡನೆಯದು ಸೊಳ್ಳೆಗೆ.

ಇಂಗುಬಾವಿ ಎಂದರೆ ಮೂರಡಿ ಅಗಲ, ಇಪ್ಪತ್ತು ಅಡಿ ಆಳದ ಗುಂಡಿಗೆ ಸಿಮೆಂಟು ರಿಂಗ್ ಇಳಿಸಿ, ತಳಕ್ಕೆ ಕಾಂಕ್ರೀಟು ಹಾಕದೆ ಬಿಟ್ಟದ್ದು. ಬೆಂಗಳೂರಿನ ಸುತ್ತಮುತ್ತ ಇದನ್ನು ತೋಡುವ ಕೈಚಳಕ ಮಣ್ಣು ವಡ್ಡರ ಸಮುದಾಯದ್ದು. ಯಾವ ಮಣ್ಣು ಎಲ್ಲಿ ನೀರು ಕುಡಿಯುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಕಡಿಮೆ. ಕೊಳವೆಬಾವಿಗಳ ಕಾಲದಲ್ಲಿ ಕೆಲಸ ಕಳೆದುಕೊಂಡಿದ್ದ ಈ ಕುಟುಂಬಗಳನ್ನು ಮುಂದಿಟ್ಟುಕೊಂಡು, ‘ಬಯೋಮ್’ ಸಂಸ್ಥೆಯ ಎಸ್. ವಿಶ್ವನಾಥ್ ಮತ್ತು ಸಂಗಡಿಗರು ನಗರದಲ್ಲಿ ಹತ್ತು ಲಕ್ಷ ಬಾವಿಗಳ ಅಭಿಯಾನ ನಡೆಸುತ್ತ ಬಂದಿದ್ದಾರೆ. ಒಂದು ಎಚ್ಚರಿಕೆ: ಇಂಗುಬಾವಿಗೆ ಹೋಗಬೇಕಾದ್ದು ಸೋಸಿದ ಮಳೆನೀರು ಮಾತ್ರ. ಬಚ್ಚಲ ನೀರನ್ನೂ ಅಲ್ಲಿಗೇ ತಿರುಗಿಸಿದರೆ ಪಕ್ಕದ ಮನೆಯ ಬೋರ್‌ವೆಲ್ಲಿಗೂ ಕೊಳೆ ಕುಡಿಸಿದಂತಾಗುತ್ತದೆ.

ದಂಡಕ್ಕೆ ಹೆದರಿ ಹಾಕಿದ ಪೈಪು

ಕಾನೂನು ಇಲ್ಲದೇ ಇಲ್ಲ. ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿಯಾಗಿ ಬೆಂಗಳೂರಿನಲ್ಲಿ ಮಳೆಕೊಯ್ಲು ಕಡ್ಡಾಯವಾಯಿತು: 40–60 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೆಯ ಕಟ್ಟಡಗಳಿಗೆ, 30–40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಕಟ್ಟಡಗಳಿಗೆ. ಅಳವಡಿಸದವರ ನೀರಿನ ಬಿಲ್ಲಿಗೆ ದಂಡ ಸೇರುತ್ತದೆ.

ದಂಡದ ಭಯ ಪೈಪನ್ನೇನೋ ಹಾಕಿಸುತ್ತದೆ, ನೀರನ್ನು ಹಿಡಿಸುವುದಿಲ್ಲ. ನೀಲಿ ಡ್ರಮ್ಮು ಗೋಡೆಗೆ ಆತುಕೊಂಡಿರುತ್ತದೆ, ಪರಿಶೀಲನೆಗೆ ಬಂದವರು ಫೋಟೊ ತೆಗೆದುಕೊಂಡು ಹೋಗಿರುತ್ತಾರೆ. ಮುಚ್ಚಳ ತೆಗೆದರೆ ಒಳಗಿನ ಮರಳು ಗಾರೆಯಂತೆ ಗಟ್ಟಿಯಾಗಿರುತ್ತದೆ. ವರ್ಷಕ್ಕೆ ಎರಡು ಸಲ ಆ ಮರಳು ತೆಗೆದು ತೊಳೆಯುವುದು, ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸುವುದು ಇವೆರಡನ್ನು ಮಾಡುವ ಮನೆಯಲ್ಲಿ ಅಗ್ಗದ ಡ್ರಮ್ಮೂ ನಡೆಯುತ್ತದೆ, ಮಾಡದ ಮನೆಯಲ್ಲಿ ದುಬಾರಿ ಫಿಲ್ಟರೂ ನಿಲ್ಲುತ್ತದೆ. ಪ್ಲಂಬರಿಗೆ ವಿವರಿಸುವ ಮೊದಲು ಕಣ್ಣಾರೆ ನೋಡಬೇಕೆನ್ನುವವರಿಗೆ ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿಯದ್ದೇ ಮಳೆಕೊಯ್ಲು ಥೀಮ್ ಪಾರ್ಕ್ ಇದೆ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ. ಬೇರೆ ಬೇರೆ ಅಳತೆಯ ಮನೆಗಳಿಗೆ ಹೊಂದುವ ಮಾದರಿಗಳು ಅಲ್ಲಿವೆ.

ನಲ್ಲಿಯ ತುದಿಯಲ್ಲಿ

ಬಳಕೆ ಇಳಿಸುವ ಮಾತು ಬಂದಾಗ ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಎಂಬ ಉಪದೇಶವೇ ಎಲ್ಲ ಕಡೆ. ನೀರು ಹೆಚ್ಚಾಗಿ ಹೋಗುವ ಜಾಗ ಬೇರೆ, ಕಕ್ಕಸಿನ ಫ್ಲಶ್ ಟ್ಯಾಂಕ್. ಹಳೆಯ ಟ್ಯಾಂಕು ಒಂದು ಸಲಕ್ಕೆ ಹತ್ತು ಲೀಟರ್ ಸುರಿಯುತ್ತದೆ. ನಾಲ್ವರು ದಿನಕ್ಕೆ ಐದೈದು ಸಲ ಎಂದರೆ 200 ಲೀಟರ್. ಎರಡು ಗುಂಡಿಯ ಹೊಸ ಟ್ಯಾಂಕು ಮೂರು ಅಥವಾ ಆರು ಲೀಟರಿನಲ್ಲಿ ಕೆಲಸ ಮುಗಿಸುತ್ತದೆ. ಬದಲಿಸಲು ಆಗದವರು ಒಂದು ಲೀಟರಿನ ಬಾಟಲಿಗೆ ನೀರು ತುಂಬಿ, ಬಿರಡೆ ಬಿಗಿದು, ಹಳೆಯ ಟ್ಯಾಂಕಿನೊಳಗೇ ನಿಲ್ಲಿಸಬಹುದು. ಒಂದೊಂದು ಸಲಕ್ಕೂ ಒಂದೊಂದು ಲೀಟರ್ ಉಳಿಯಿತು.

2024ರ ಬರದಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲುಗಳ ನಲ್ಲಿಗೆ ಏರೇಟರ್ ಕಡ್ಡಾಯ ಮಾಡಿದ್ದು ನೆನಪಿರಬಹುದು. ನೀರಿಗೆ ಗಾಳಿ ಬೆರೆಸಿ ಕಡಿಮೆ ನೀರನ್ನೇ ತುಂಬುಧಾರೆಯಾಗಿ ಬೀಳಿಸುವ ಪುಟ್ಟ ಜಾಲರಿ ಅದು, ಮನೆಯ ಸಿಂಕಿಗೂ ಕೈಯಲ್ಲೇ ತಿರುಗಿಸಿ ಕೂರಿಸಬಹುದು. ಇನ್ನು ಆರ್‌ಒ ಯಂತ್ರ: ಒಂದು ಲೀಟರ್ ಕುಡಿಯುವ ನೀರು ಕೊಡಲು ಎರಡು ಮೂರು ಲೀಟರನ್ನು ಹೊರಹಾಕುತ್ತದೆ. ಉಪ್ಪಿನಂಶ ಹೆಚ್ಚಿರುವ ಬೋರ್ ನೀರಿಗೆ ಅದು ಬೇಕಾದೀತು. ಕಾವೇರಿ ನೀರು ಬರುವ ಮನೆಗೆ ಅದರ ಅಗತ್ಯವೇ ಇಲ್ಲ, ಸೋಸಿ ಕುದಿಸಿದರೆ ಸಾಕು.

ಬಿಸಿಲಿನ ಪಾಲು

ಈ ಒಂದು ವಿಷಯದಲ್ಲಿ ಬೆಂಗಳೂರು ಬೆನ್ನು ತಟ್ಟಿಕೊಳ್ಳಬಹುದು. ಸೋಲಾರ್ ವಾಟರ್ ಹೀಟರ್ ಇಷ್ಟು ದಟ್ಟವಾಗಿ ಕಾಣುವ ಊರು ದೇಶದಲ್ಲಿ ಅಪರೂಪ. ಹೊಸ ಮನೆಗೆ ಕಡ್ಡಾಯ, ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಎಂದು ಹಿಂದೆಯೇ ಮಾಡಿದ್ದರ ಫಲ ಇದು. ಇಪ್ಪತ್ತು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು ಅರ್ಧ ಯೂನಿಟ್ ಬೇಕು. ನಾಲ್ವರ ಸ್ನಾನಕ್ಕೆ ದಿನಕ್ಕೆ ಎರಡು ಯೂನಿಟ್, ವರ್ಷಕ್ಕೆ 700.

ಅದಕ್ಕಿಂತ ಮುಖ್ಯವಾದದ್ದು ಆ ಕರೆಂಟು ಖರ್ಚಾಗುವ ಹೊತ್ತು. ಇಡೀ ಊರಿನ ಗೀಸರುಗಳು ಒಟ್ಟಿಗೆ ಉರಿಯುವುದು ಬೆಳಿಗ್ಗೆ ಆರರಿಂದ ಒಂಬತ್ತರ ನಡುವೆ. ಪಾವಗಡದ ಸೌರ ಪಾರ್ಕಿಗೆ ಆಗಿನ್ನೂ ಸರಿಯಾಗಿ ಬಿಸಿಲು ಏರಿರುವುದಿಲ್ಲ. ಆ ಹೊರೆ ಹೊರುವುದು ಕಲ್ಲಿದ್ದಲು ಮತ್ತು ಜಲಾಶಯದ ನೀರು. ನಿನ್ನೆಯ ಬಿಸಿಲನ್ನು ಬಿಸಿನೀರಾಗಿ ಕೂಡಿಟ್ಟುಕೊಂಡ ಸೋಲಾರ್ ಟ್ಯಾಂಕು ಈ ಹೊರೆಯನ್ನು ತಾರಸಿಯಲ್ಲೇ ಇಳಿಸಿಬಿಡುತ್ತದೆ. ಅದರ ಒಂದೇ ದುರಭ್ಯಾಸವೆಂದರೆ, ಮೂರನೇ ಮಹಡಿಯಿಂದ ಕೆಳಗಿನ ಬಚ್ಚಲಿಗೆ ಬಿಸಿನೀರು ಇಳಿಯುವಷ್ಟರಲ್ಲಿ ಪೈಪಿನಲ್ಲಿದ್ದ ತಣ್ಣೀರು ಒಂದು ಬಕೆಟ್ ಹರಿದುಹೋಗುತ್ತದೆ. ಆ ಬಕೆಟ್ಟನ್ನು ಹಿಡಿದಿಟ್ಟು ಬಟ್ಟೆಗೆ ಹಾಕುವ ಗೃಹಿಣಿಯರಿಗೆ ಯಾವ ಲೇಖನವೂ ಬೇಕಿಲ್ಲ.

ಕರೆಂಟು ತಯಾರಿಸುವ ಪ್ಯಾನೆಲ್ಲಿನ ಕಥೆ ಇಷ್ಟು ನೇರವಲ್ಲ. 2024ರ ಫೆಬ್ರುವರಿಯಲ್ಲಿ ಶುರುವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರಕ್ಕೆ 78,000 ರೂಪಾಯಿ ಸಹಾಯಧನವಿದೆ. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ಜಾಗ ಬೇಕು, ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸಿನಲ್ಲಿ ಸಿಗುತ್ತದೆ. ಆದರೆ ನಮ್ಮಲ್ಲಿ 2023ರಿಂದ ಗೃಹಜ್ಯೋತಿಯೂ ಇದೆ. 200 ಯೂನಿಟ್ ಮಿತಿಯೊಳಗೆ, ತನ್ನ ಹಳೆಯ ಸರಾಸರಿಯನ್ನು ಹೆಚ್ಚು ಮೀರದೆ ಬಳಸುವ ಮನೆಗೆ ಬಿಲ್ಲೇ ಬರುವುದಿಲ್ಲ. ಬಿಲ್ಲೇ ಇಲ್ಲದವರು ಸಾಲ ಮಾಡಿ ಪ್ಯಾನೆಲ್ ಹಾಕಿಸುವುದೇಕೆ? ಹೀಗಾಗಿ ಮನೆಯ ಖರ್ಚಿನ ಲೆಕ್ಕದಲ್ಲಿ ಪ್ಯಾನೆಲ್ ಗಿಟ್ಟುವುದು ಎಸಿ, ಎಲೆಕ್ಟ್ರಿಕ್ ಸ್ಕೂಟರ್, ಕಾರು ಇರುವ, 200 ದಾಟಿದ ಮನೆಗಳಿಗೆ. ಸಣ್ಣ ಮನೆಗೆ ಇದು ಈಗಲೇ ಬೇಕು ಎಂದು ಒತ್ತಾಯಿಸಲು ನನಗಂತೂ ಮನಸ್ಸಿಲ್ಲ.

ರಾತ್ರಿ ಹತ್ತಕ್ಕೂ ಆರದ ಸೂರು

2016ರ ಏಪ್ರಿಲಿನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತು. ಫ್ಯಾನೂ ಅಪರೂಪವಾಗಿದ್ದ ಊರಿನಲ್ಲಿ ಈಗ ಎಸಿ ಕೊಳ್ಳಲು ಸಾಲು. ಇದರಲ್ಲಿ ಹವಾಮಾನದ ಪಾಲು ಎಷ್ಟೋ, ನಾವು ಕಟ್ಟುವ ಸೂರಿನ ಪಾಲೂ ಅಷ್ಟೇ ಇದೆ.

ಐದು ಆರು ಅಂಗುಲ ದಪ್ಪದ ಆರ್‌ಸಿಸಿ ಹಗಲಿಡೀ ಬಿಸಿಲು ಕುಡಿಯುತ್ತದೆ. ಒಲೆ ಆರಿಸಿದ ಮೇಲೂ ಇನ್ನೊಂದು ದೋಸೆ ಬೇಯಿಸಿಕೊಡುವ ಕಾವಲಿಯ ಹಾಗೆ, ಸೂರ್ಯ ಮುಳುಗಿದ ಮೇಲೆ ಆ ಕಾವನ್ನು ನಿಧಾನವಾಗಿ ಕೆಳಗಿನ ಕೋಣೆಗೆ ಬಿಡುತ್ತದೆ. ಮಂಗಳೂರು ಹೆಂಚಿನ ಮನೆಯಲ್ಲಿ ಹೆಂಚಿಗೂ ನಮ್ಮ ತಲೆಗೂ ನಡುವೆ ಅಟ್ಟವಿತ್ತು, ಹೆಂಚಿನ ಸಂದಿನಲ್ಲಿ ಗಾಳಿ ಆಡುತ್ತಿತ್ತು. ಬಯಲುಸೀಮೆಯ ಮಾಳಿಗೆ ಮನೆಯಲ್ಲಿ ದಪ್ಪನೆಯ ಮಣ್ಣಿನ ಹೊದಿಕೆಯನ್ನು ದಾಟಿ ಕಾವು ಕೆಳಗಿಳಿಯುವ ಹೊತ್ತಿಗೆ ಸಂಜೆಯ ಗಾಳಿ ಬಂದಿರುತ್ತಿತ್ತು. ಆ ಮನೆಗಳಿಗೆ ಮರಳೋಣ ಎಂದು ಯಾರೂ ಹೇಳುತ್ತಿಲ್ಲ. ಹೆಂಚು ಕೈಯಾಡಿಸುವವರು ಸಿಗುವುದಿಲ್ಲ, ಮಾಳಿಗೆ ಸೋರುತ್ತದೆ. ಆದರೆ ಅವು ಮಾಡುತ್ತಿದ್ದ ಕೆಲಸವನ್ನು ಕಾಂಕ್ರೀಟಿಗೂ ಕಲಿಸಬಹುದು.

ಅತಿ ಅಗ್ಗದ ದಾರಿ ತಾರಸಿಗೆ ಬಿಳಿ ಬಳಿಯುವುದು. ಬಿಳಿ ಮೇಲ್ಮೈ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಅಹಮದಾಬಾದ್ ಬಡವರ ಮನೆಗಳಿಗೆ ಇದನ್ನು ಮಾಡಿಸಿತು, ತೆಲಂಗಾಣ 2023ರಲ್ಲಿ ತಂಪು ಸೂರಿಗೆಂದೇ ನೀತಿ ತಂದಿತು. ಮೇಲಿನ ಮಹಡಿಯ ಕೋಣೆಯಲ್ಲಿ ಎರಡು ಮೂರು ಡಿಗ್ರಿ ಇಳಿದರೆ ಎಸಿಯ ಮಾತು ಒಂದೆರಡು ವರ್ಷ ಮುಂದೆ ಹೋಗುತ್ತದೆ. ಸುಣ್ಣ ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ, ತಾರಸಿಗೆಂದೇ ಬರುವ ಬಿಳಿ ಪೇಂಟು ಕೆಲವು ವರ್ಷ ಬಾಳುತ್ತದೆ. ಪಶ್ಚಿಮದ ಗೋಡೆಯ ಪಕ್ಕ ಒಂದು ಹೊಂಗೆ ಅಥವಾ ಬೇವು ಇದ್ದರೆ ಇನ್ನೂ ಮೇಲು. ಕಾರು ನಿಲ್ಲಿಸುವ ಜಾಗಕ್ಕಾಗಿ ಅದನ್ನೇ ಮೊದಲು ಕಡಿಯುತ್ತೇವೆ.

ಒಂದು ತಾರಸಿ, ಹತ್ತು ಹಕ್ಕುದಾರರು

ಇಷ್ಟರಲ್ಲಿ ಓದುಗರಿಗೆ ಅನುಮಾನ ಬಂದಿರಬೇಕು. ಮಳೆ, ಹೀಟರು, ಪ್ಯಾನೆಲ್ಲು, ಬಿಳಿ ಬಣ್ಣ, ಇದರ ಮೇಲೆ ಕೈತೋಟ, ಗೊಬ್ಬರದ ಮಡಕೆ, ಹಪ್ಪಳ ಒಣಗಿಸುವ ಚಾಪೆ, ಬಟ್ಟೆ ತಂತಿ. ಇಷ್ಟಕ್ಕೆಲ್ಲ ಜಾಗವೆಲ್ಲಿ? ಜಾಗಕ್ಕಿಂತ ಜಗಳ ದೊಡ್ಡದು. ಕುಂಡಗಳಿಂದ ಸೋರಿದ ಕೆಂಪು ನೀರು ಸೋಸುಕಕ್ಕೆ ಹೋದರೆ ಸಂಪು ಕೆಡುತ್ತದೆ. ಹೊಸ ಸುಣ್ಣ ಮೊದಲ ಮಳೆಯಲ್ಲಿ ಕರಗಿ ಇಳಿಯುತ್ತದೆ. ತೆಂಗಿನ ಮರದ ನೆರಳು ತೋಟಕ್ಕೆ ಹಿತ, ಪ್ಯಾನೆಲ್ಲಿಗೆ ಶತ್ರು.

ಇದಕ್ಕೆ ಪರಿಹಾರ ತಾರಸಿಯ ಇಳಿಜಾರಿನಲ್ಲಿದೆ. ಸಾಮಾನ್ಯವಾಗಿ ತಾರಸಿಗೆ ಎರಡು ಮೂರು ಮೂಲೆಯಲ್ಲಿ ನೀರಿಳಿಯುವ ಬಾಯಿಗಳಿರುತ್ತವೆ. ಒಂದು ಬಾಯಿಯ ಭಾಗವನ್ನು ಕುಂಡ, ಗೊಬ್ಬರ, ಬಟ್ಟೆಗೆ ಬಿಟ್ಟು ಅದರ ನೀರನ್ನು ಅಂಗಳದ ಗಿಡಕ್ಕೆ ತಿರುಗಿಸುವುದು. ಉಳಿದ ಭಾಗವನ್ನು ಚೊಕ್ಕಟವಾಗಿಟ್ಟು ಸಂಪಿಗೆ ಜೋಡಿಸುವುದು. ನಡುವೆ ಮೇಸ್ತ್ರಿಯಿಂದ ಎರಡಂಗುಲದ ಗಾರೆ ಕಟ್ಟೆ ಹಾಕಿಸಿದರೆ ಗಡಿ ಗೊತ್ತಾಯಿತು. ಪ್ಯಾನೆಲ್ಲುಗಳನ್ನು ಆಳೆತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ದಕ್ಷಿಣಕ್ಕೆ ಮುಖಮಾಡಿ ಕೂರಿಸಿದರೆ ಅದರಡಿಯಲ್ಲಿ ಬಟ್ಟೆಯೂ ಒಣಗುತ್ತದೆ, ಸೂರಿಗೆ ನೆರಳೂ ಸಿಗುತ್ತದೆ.

ಗೊಬ್ಬರದ ಮಡಕೆಯನ್ನು ಮಾತ್ರ ಈ ಪಟ್ಟಿಯಿಂದ ಕೈಬಿಡಬಾರದು. ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ಅದನ್ನು ಪ್ಲಾಸ್ಟಿಕ್ಕಿನ ಜೊತೆ ಬೆರೆಸಿ ಕಳಿಸಿದ್ದಕ್ಕೆ, ನಗರದ ಕಸ ಬಂದು ಬೀಳುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನ ವರ್ಷಗಟ್ಟಲೆ ಕೊಳೆತ ಗಾಳಿ ಕುಡಿದರು, ಬಾವಿ ಕೆಡಿಸಿಕೊಂಡರು, ಕೊನೆಗೆ ಲಾರಿ ತಡೆದು ಕೂತರು. ಮಡಕೆಯಲ್ಲಿ ತರಕಾರಿ ಸಿಪ್ಪೆಗೆ ಅಷ್ಟೇ ಪ್ರಮಾಣದ ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿ ಬೆರೆಸುತ್ತ ಬಂದರೆ ಎರಡು ಮೂರು ತಿಂಗಳಿಗೆ ಕಪ್ಪು ಗೊಬ್ಬರ. ವಾಸನೆ ಬಂದರೆ ತೇವ ಹೆಚ್ಚಾಗಿದೆ, ಗಾಳಿ ಸಾಲದು ಎಂದು ಅರ್ಥ. ಇನ್ನಷ್ಟು ಒಣ ಎಲೆ ಹಾಕಿ ಕೋಲಿನಿಂದ ತಿರುವಿದರೆ ಹೋಗುತ್ತದೆ.

ತಾರಸಿಯ ಬೀಗದ ಕೈ ಯಾರ ಬಳಿ?

ಬಾಡಿಗೆ ಮನೆಯವರಿಗೆ ಇದೆಲ್ಲ ಮಾಲೀಕರ ಮರ್ಜಿ. ಎಷ್ಟೋ ಕಡೆ ತಾರಸಿಗೆ ಬೀಗ. ಅವರಿಗೆ ಉಳಿಯುವುದು ಏರೇಟರು, ಫ್ಲಶ್ ಟ್ಯಾಂಕಿನ ಬಾಟಲಿ, ಬಾಲ್ಕನಿಯ ಗೊಬ್ಬರದ ಮಡಕೆ. ಇವುಗಳಲ್ಲಿ ಯಾವುದಕ್ಕೂ ಗೋಡೆಗೆ ಮೊಳೆ ಹೊಡೆಯಬೇಕಿಲ್ಲ, ಮನೆ ಬದಲಿಸುವಾಗ ಜೊತೆಗೆ ಒಯ್ಯಬಹುದು.

ಅಪಾರ್ಟ್‌ಮೆಂಟುಗಳಲ್ಲಿ ಬೀಗದ ಕೈ ಇರುವುದು ಸಂಘದ ಬಳಿ. ಐವತ್ತು ಮನೆಗೆ ಒಂದೇ ತಾರಸಿಯಾದ್ದರಿಂದ ತಲೆಗೆ ಸಿಗುವ ಮಳೆ ಕಡಿಮೆ. ಅಲ್ಲಿ ಸುತ್ತಲಿನ ನೆಲದ ನೀರನ್ನೂ ಸೇರಿಸಿ ಇಂಗುಬಾವಿಗಳ ಸಾಲನ್ನೇ ಮಾಡಬೇಕಾಗುತ್ತದೆ. ಜೊತೆಗೆ ಒಂದೊಂದು ಮನೆಗೂ ಬೇರೆ ನೀರಿನ ಮೀಟರ್ ಬೇಕು. ಮೀಟರ್ ಇಲ್ಲದ ಕಡೆ ನೀರಿನ ಖರ್ಚು ತಿಂಗಳ ನಿರ್ವಹಣಾ ಶುಲ್ಕದಲ್ಲಿ ಚದರಡಿಯ ಲೆಕ್ಕದಲ್ಲಿ ಹಂಚಿಹೋಗುತ್ತದೆ, ಒಂದೇ ಅಳತೆಯ ಮನೆಯಾದರೆ ಒಬ್ಬರೇ ಇರುವ ನಿವೃತ್ತರೂ ಆರು ಜನರ ಸಂಸಾರವೂ ಒಂದೇ ಹಣ ಕಟ್ಟುತ್ತಾರೆ. ವಾರ್ಷಿಕ ಸಭೆಯಲ್ಲಿ ಮೀಟರಿನ ಮಾತು ಎತ್ತಿದರೆ ಯಾರು ಒಪ್ಪುತ್ತಾರೆ, ಯಾರು ಮುಂದಿನ ವರ್ಷ ನೋಡೋಣ ಎನ್ನುತ್ತಾರೆ ಎಂಬುದನ್ನು ಸಂಘದ ಕಾರ್ಯದರ್ಶಿ ಸಭೆಗೆ ಮೊದಲೇ ಹೇಳಿಬಿಡಬಲ್ಲರು.